ಪಡುವಲ ಮೂಲೆಯ ಇಪ್ಪತ್ತೈದು ಡಿಗ್ರಿ

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ. ಅವತ್ತು ಬೆಳಗ್ಗೆ ಷಟರನ್ನು ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಫೋನು ಬಂತು. ತೊಣ್ಣೂರಿನ ಆಚೆಯ ಹಳ್ಳಿಯೊಂದರಲ್ಲಿ ರೇಷ್ಮೆ ಹುಳು ಸಾಕುವ ಅಕ್ಕ ಮಾತಾಡುತ್ತಿದ್ದರು.

“ಏನಪ್ಪ, ನಿನ್ನ ಕಿಟ್ಕಿಗೋಳು ದೆವ್ವ ಮೆಟ್ಕಂಡಂಗೆ ಪಟಪಟ ಅಂತ ಬಡ್ಕತಾ ಅವೆ. ಪಡುವಲ ಕಡೆ ಉಳ ಸರ್ಯಾಗಿ ಸೊಪ್ಪೇ ಮೇಯ್ತಿಲ್ಲ. ಬಿರ್ರನೆ ಬಂದು ನೋಡು.”

ಅವರು ನನ್ನ ಕಿಟಕಿ ಎಂದದ್ದು ಅವರ ಹುಳುವಿನ ಮನೆಯ ಗಾಳಿಕಿಂಡಿಗಳನ್ನು. ಉದ್ದನೆಯ ಮನೆ, ಮೇಲೆ ಶೀಟು, ಶೀಟಿನ ಕೆಳಗೆ ಸಾಲಾಗಿ ಎಂಟು ಕಿಂಡಿ. ಸೆಕೆಯಾದರೆ ಕದ ತೆರೆಯಬೇಕು, ತಂಪಾದರೆ ಮುಚ್ಚಬೇಕು, ಅದೂ ಏಣಿ ಹತ್ತಿ. ಹೋದ ಬೇಸಿಗೆಯಲ್ಲಿ ಅಕ್ಕ ಆ ಏಣಿಯಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಮೂಳೆ ಕೂಡಿಕೊಂಡಿತು, ಆದರೆ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ಅವರ ಯಜಮಾನರಿಗೆ ಗದ್ದೆ, ಹಾಲಿನ ಡೇರಿ ಎಂದು ಹೊರಗಿನ ಓಡಾಟವೇ ಹೆಚ್ಚು. ಹುಳು ಸಾಕುವುದನ್ನು ಬಿಟ್ಟುಬಿಡುತ್ತೇನೆ ಎಂದು ಅಕ್ಕ ಕಣ್ಣೀರು ಹಾಕಿದಾಗ ನಾನು ಮತ್ತು ನನ್ನ ಬಡಗಿ ಗೆಳೆಯ ಸೇರಿ ಒಂದು ಉಪಾಯ ಮಾಡಿದ್ದೆವು.

ಉಪಾಯ ದೊಡ್ಡದೇನಲ್ಲ. ಮನೆಯ ಮೂಡಲ ತುದಿಗೆ ಒಂದು, ಪಡುವಲ ತುದಿಗೆ ಒಂದು, ಶಾಖ ಅಳೆಯುವ ಸೆನ್ಸರ್. ಒಂದು ಡಿಗ್ರಿಗೆ ಹತ್ತು ಮಿಲಿವೋಲ್ಟ್ ಲೆಕ್ಕದಲ್ಲಿ ಅವು ವೋಲ್ಟೇಜು ಕೊಡುತ್ತವೆ, ಇಪ್ಪತ್ತೈದು ಡಿಗ್ರಿ ಎಂದರೆ ಕಾಲು ವೋಲ್ಟು. ಅಂಗೈಯಗಲದ ಮೈಕ್ರೋಕಂಟ್ರೋಲರ್ ಬೋರ್ಡು ಅದನ್ನು ಓದಿ, ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಸರ್ವೋ ಮೋಟರುಗಳಿಂದ ಕದ ತೆರೆಸುತ್ತದೆ. ಮೂಡಲ ಸೆನ್ಸರಿನ ಮಾತನ್ನು ಮೂಡಲ ನಾಲ್ಕು ಕದ ಕೇಳುತ್ತವೆ, ಪಡುವಲದ ಮಾತನ್ನು ಪಡುವಲದವು. ವೈರು, ಪ್ರೋಗ್ರಾಮು ನನ್ನದು. ಕದ, ಬೋರ್ಡಿನ ಪೆಟ್ಟಿಗೆ, ಹಲ್ಲಿ ಇರುವೆ ನುಗ್ಗದಂತೆ ಸೆನ್ಸರಿಗೆ ಪಟ್ಟಿ ಪಟ್ಟಿಯ ಪುಟ್ಟ ಗೂಡು, ಇವೆಲ್ಲ ಗೆಳೆಯನ ಕೈಕೆಲಸ. ಮೊದಲ ಬೆಳೆ ಚೆನ್ನಾಗಿ ಬಂತು. ಅಕ್ಕ ನಾಗಮಂಗಲದ ತವರಿನವರನ್ನೆಲ್ಲ ಕರೆಸಿ ಕದ ತಾನೇ ತೆರೆಯುವುದನ್ನು ತೋರಿಸಿದ್ದರು.

ಈಗ ನಡೆಯುತ್ತಿದ್ದುದು ಎರಡನೇ ಬೆಳೆ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಏಳೆಂಟು ದಿನ ಹಗಲಿರುಳೂ ಸೊಪ್ಪು ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಆ ಏಳೆಂಟು ದಿನದಲ್ಲಿ ಸೆಕೆ ಏರಿದರೆ ಹುಳು ಸಪ್ಪೆ ರೋಗಕ್ಕೆ ಬೀಳುತ್ತದೆ, ಅಲ್ಲಿಯವರೆಗಿನ ದುಡಿಮೆ ಎಲ್ಲವೂ ತಿಪ್ಪೆಗೆ. ಅಕ್ಕನ ಹುಳು ಆಗ ಆ ಹಂತದ ಎರಡನೇ ದಿನದಲ್ಲಿದ್ದವು.

ಸ್ಕೂಟರಿನಲ್ಲಿ ಹೊರಟು, ಊರಬಾಗಿಲಲ್ಲೇ ಗೆಳೆಯನನ್ನು ಹತ್ತಿಸಿಕೊಂಡೆ. ಅವನು ಅದೇ ಹಳ್ಳಿಯವನು. ನಾವಿಬ್ಬರೂ ಐಟಿಐನಲ್ಲಿ ಬೇರೆ ಬೇರೆ ವಿಭಾಗ, ಆದರೆ ಎರಡು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ಅವನ ಮಾತನ್ನು ಪರೀಕ್ಷಿಸಿ ನೋಡಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಆ ಮನೆಯ ಒಂದು ಕಟ್ಟುಪಾಡನ್ನು ಇಲ್ಲಿ ಹೇಳಲೇಬೇಕು. ಹುಳು ಮನೆಗೆ ಬಂದ ಮೇಲೆ ಗೂಡು ಬಿಡಿಸುವ ತನಕ ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಬೇರೆಯವರ ಹುಳುವಿನ ರೋಗ ಬಟ್ಟೆಯಲ್ಲಿ, ಚಪ್ಪಲಿಯಲ್ಲಿ ಬರುತ್ತದೆ ಎಂಬ ಭಯ. ಕಣ್ಣು ಬೀಳುತ್ತದೆ ಎಂಬುದು ಅದರ ಮೇಲಿನ ಭಯ. ನಾನು ಹತ್ತೂರು ಸುತ್ತುವವನು, ನನಗೆ ಪೆಟ್ಟಿಗೆ ತೂಗುಹಾಕಿದ್ದ ಮುಂದಿನ ಕೋಣೆಯೇ ಗಡಿ. ಬಡಗಿ ಮಾತ್ರ ಅದೇ ಊರಿನವನು, ಹುಳುವಿನ ಸ್ಟ್ಯಾಂಡುಗಳನ್ನು ಮಾಡಿಕೊಟ್ಟವನು, ಹಾಗಾಗಿ ಮನೆಯವನ ಲೆಕ್ಕ. ಕಾಲನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ಅವನು ಒಳಗೆ ಹೋಗಬಹುದಿತ್ತು. ಬೆಳೆಗೆ ಮುಂಚೆ ಮನೆ ತೊಳೆಯುವಾಗ ಆ ನೀರು ತಗುಲಿ ಹಾಳಾಗದಿರಲಿ ಎಂದು ಎರಡೂ ಸೆನ್ಸರ್ ಬಿಚ್ಚಿದವನು, ತೊಳೆದ ಮೇಲೆ ಮತ್ತೆ ಹಾಕಿದವನು ಅವನೇ. “ಹಾಕಿವ್ನಿ ಕಣ್ಲಾ, ನೀನು ಅಷ್ಟು ದೂರ ಬರೋದೇನೂ ಬ್ಯಾಡ” ಎಂದು ಫೋನು ಮಾಡಿದ್ದ. ನಾನೂ ಬಂದಿರಲಿಲ್ಲ.

ಕದ ಬಡಿದುಕೊಳ್ಳುವುದಕ್ಕೆ ಕಾರಣ ಅರ್ಧ ಗಂಟೆಯಲ್ಲಿ ಸಿಕ್ಕಿತು. ಬೋರ್ಡಿಗೂ ಮೋಟರುಗಳಿಗೂ ಒಂದೇ ಅಡಾಪ್ಟರು, ಅದು ಬಡವಾಗಿತ್ತು. ನಾಲ್ಕು ಮೋಟರು ಒಟ್ಟಿಗೆ ಎಳೆದಾಗ ವೋಲ್ಟೇಜು ಕುಸಿಯುತ್ತಿತ್ತು, ಬೋರ್ಡು ತಬ್ಬಿಬ್ಬಾಗಿ ತಪ್ಪು ಕೋನ ಹೇಳುತ್ತಿತ್ತು, ಮೋಟರು ಮುಂದಕ್ಕೂ ಹಿಂದಕ್ಕೂ ಕುಣಿಯುತ್ತಿತ್ತು. ಮೋಟರುಗಳಿಗೆ ಬೇರೆ ಅಡಾಪ್ಟರು ಕೊಟ್ಟೆ, ಎರಡರ ಗ್ರೌಂಡನ್ನು ಮಾತ್ರ ಸೇರಿಸಿದೆ, ಏರಿಳಿತ ತಡೆಯಲು ಒಂದು ದಪ್ಪ ಕೆಪಾಸಿಟರು ಹಾಕಿದೆ. ಕುಣಿತ ನಿಂತಿತು. ಪೆಟ್ಟಿಗೆಯ ಪರದೆಯ ಮೇಲೆ ಮೂಡಲ 25.0, ಪಡುವಲ 25.1.

“ನೋಡಿ ಅಕ್ಕ, ಎರಡೂ ಕಡೆ ಒಂದೇ” ಎಂದೆ, ಸ್ವಲ್ಪ ಜಂಬದಿಂದಲೇ.

“ಪಡುವಲ ಕಡೆ ಕಾವು ಜಾಸ್ತಿ ಅದೆ ಕಣಪ್ಪ. ಮುಖಕ್ಕೆ ಒಡೀತದೆ.”

“ಸೊಪ್ಪಿನ ಹೊರೆ ಹೊತ್ತು ಓಡಾಡ್ತೀರಲ್ಲ, ಅದಕ್ಕೆ ಹಾಗನ್ನಿಸುತ್ತೆ. ಮಿಷನ್ನು ನೋಡಿ, ಇಪ್ಪತ್ತೈದು.”

ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಕೋಲಿನಿಂದ ತಳ್ಳಿ ಕದ ತೆರೆಯಲೇ ಎಂದು ಕೇಳಿದ್ದಕ್ಕೂ ಬೇಡ, ಮೋಟರಿನ ಹಲ್ಲು ಮುರಿಯುತ್ತದೆ ಎಂದುಬಿಟ್ಟೆ. ನನ್ನ ಮೀಟರಿನಲ್ಲಿ ಶಾಖ ಅಳೆಯುವ ತಂತಿ ಇತ್ತು. ಅದನ್ನು ಅಕ್ಕನ ಕೈಗೆ ಕೊಟ್ಟು ಆ ಮೂಲೆಗೊಮ್ಮೆ ಹಿಡಿದುಕೊಂಡು ಬನ್ನಿ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆ ಯೋಚನೆ ನನಗೆ ಬರಲೇ ಇಲ್ಲ.

ಮರುದಿನ ಮಧ್ಯಾಹ್ನ ಮತ್ತೆ ಫೋನು. ಕದ ಬಡಿಯುತ್ತಿಲ್ಲ, ಆದರೆ ಪಡುವಲ ನಾಲ್ಕು ಕದ ಮುಚ್ಚಿಕೊಂಡೇ ಇವೆ, ಹುಳು ತಲೆ ಎತ್ತಿಕೊಂಡು ಸುಮ್ಮನೆ ಕೂತಿವೆ. ಮೂಡಲ ತುದಿಗೆ ತೆಂಗಿನ ನೆರಳಿದೆ, ಕಾಲುವೆಯ ಗಾಳಿ ಇದೆ. ಪಡುವಲ ತುದಿಗೆ ಸಂಜೆಯ ತನಕ ಬಿಸಿಲು. ಎರಡೂ ಕಡೆ ಒಂದೇ ಶಾಖ ಎಂಬುದು ನನಗೂ ಈಗ ಸರಿ ಕಾಣಲಿಲ್ಲ. ಹೋಗಿ ನೋಡಿದರೆ ಪರದೆ ಮಾತ್ರ 25.1, 25.2 ಎನ್ನುತ್ತಿತ್ತು.

ಗೆಳೆಯನನ್ನು ಒಳಗೆ ಕಳಿಸಿದೆ. “ಪಡುವಲ ಸೆನ್ಸರನ್ನು ಗೂಡಿನಿಂದ ತೆಗೆದು ಮುಷ್ಟಿಯಲ್ಲಿ ಹಿಡ್ಕೊಳೋ. ನಾನು ಇಲ್ಲಿ ಅಂಕಿ ನೋಡ್ತೀನಿ.”

ಅವನು ಕಾಲು ಅದ್ದಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಧ್ವನಿ ಕೇಳಿಸಿತು. “ಇಡ್ಕಂಡಿವ್ನಿ ಕಣ್ಲಾ!”

ಅಂಕಿ ಏರಿತು. ಇಪ್ಪತ್ತೇಳು, ಇಪ್ಪತ್ತೊಂಬತ್ತು, ಮೂವತ್ತೊಂದು. ಆದರೆ ಎರಡೂ ಏರಿದವು. ಅವನು ಹಿಡಿದದ್ದು ಪಡುವಲದ್ದನ್ನು, ನಲವತ್ತು ಅಡಿ ಆಚೆಯ ಮೂಡಲದ್ದು ಏಕೆ ಏರಬೇಕು? ಎಂಟೂ ಕದ ಒಟ್ಟಿಗೆ ತೆರೆದುಕೊಂಡವು.

ಹೊರಗೆ ಬಂದವನನ್ನು ಕೇಳಿದೆ. “ಎರಡೂ ಏರ್ತಿದೆ ಕಣೋ. ಪಡುವಲದ್ದನ್ನೇ ತಾನೇ ಹಿಡಿದದ್ದು?”

“ಅಯ್ಯೋ, ಮತ್ತಿನ್ಯಾವುದ್ನ ಇಡ್ಕಳ್ಳಿ? ಅದ್ನೇ. ಸರ್ಯಾಗೇ ಕೂತದೆ, ವೈರೂ ಗಟ್ಟಿಯಾಗೇ ಅದೆ.”

ಹಾಗಾದರೆ ತಪ್ಪು ನನ್ನ ಪ್ರೋಗ್ರಾಮಿನದು. ಜಗಲಿಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತೆ. ಬೋರ್ಡಿನ ಒಂದೇ ಕಾಲನ್ನು, ಅಂದರೆ ವೈರು ಕೂರುವ ಪಿನ್ನನ್ನು, ಎರಡು ಸಲ ಓದುತ್ತಿದ್ದೇನೆಯೇ ಎಂದು ಮೊದಲು ನೋಡಿದೆ, ಇಲ್ಲ. ಹತ್ತು ಸಲ ಓದಿ ಸರಾಸರಿ ತೆಗೆಯುವ ಕಡೆ ಎರಡರ ಮೊತ್ತ ಬೆರೆತಿದೆಯೇ ಎಂದು ನೋಡಿದೆ, ಅದೂ ಇಲ್ಲ. ಬರೆದದ್ದನ್ನೆಲ್ಲ ಅಳಿಸಿ, ಬರೀ ಓದಿ ತೋರಿಸುವ ಆರು ಸಾಲು ಬರೆದು ಹಾಕಿದೆ. ಆಗಲೂ ಎರಡು ಅಂಕಿಗಳು ಜೋಡೆತ್ತಿನ ಹಾಗೆ ಒಟ್ಟಿಗೇ ನಡೆಯುತ್ತಿದ್ದವು. ಗೆಳೆಯ ಪಕ್ಕದಲ್ಲೇ ಕುಳಿತಿದ್ದ. ಸ್ಕ್ರೂಡ್ರೈವರ್ ಕೇಳಿದರೆ ಸ್ಕ್ರೂಡ್ರೈವರ್, ಟೇಪು ಕೇಳಿದರೆ ಟೇಪು ಕೊಟ್ಟ. “ತಲೆ ಕೆಡುಸ್ಕಬ್ಯಾಡ ಕಣ್ಲಾ, ಸಿಗ್ತದೆ” ಎಂದು ಸಮಾಧಾನವನ್ನೂ ಹೇಳಿದ. ಅದನ್ನು ಈಗ ನೆನೆದರೂ ನನ್ನ ಮೈ ಉರಿಯುತ್ತದೆ.

ಸಂಜೆ ಹೊರಡುವ ಮುನ್ನ ಅಳತೆಯ ಆಧಾರವನ್ನೇ ಬದಲಿಸಿದೆ. ಐದು ವೋಲ್ಟಿನ ಸಪ್ಲೈ ಅಲುಗಾಡಿದರೆ ಅದಕ್ಕೆ ಹೋಲಿಸಿ ಅಳೆಯುವ ಎರಡೂ ಓದು ಒಟ್ಟಿಗೆ ಅಲುಗಾಡುತ್ತವೆ, ಆದ್ದರಿಂದ ಚಿಪ್ಪಿನೊಳಗೇ ಇರುವ ಸ್ಥಿರ ವೋಲ್ಟೇಜಿಗೆ ಹೋಲಿಸುವಂತೆ ಮಾಡಿದೆ. ಏನೂ ವ್ಯತ್ಯಾಸವಾಗಲಿಲ್ಲ.

ಮೂರನೇ ದಿನ ಬೆಳಗ್ಗೆ ಶ್ರೀರಂಗಪಟ್ಟಣಕ್ಕೆ ಓಡಿದೆ. ಅಲ್ಲಿ ಯುಪಿಎಸ್ ರಿಪೇರಿ ಮಾಡುವ ಪರಿಚಯದ ಹಿರಿಯರೊಬ್ಬರ ಹತ್ತಿರ ಆಸಿಲೋಸ್ಕೋಪು ಇದೆ, ವೋಲ್ಟೇಜು ಹೇಗೆ ನಡುಗುತ್ತದೆಂದು ಗೆರೆ ಎಳೆದು ತೋರಿಸುವ ಯಂತ್ರ. ಅವರು ಅದನ್ನು ಕೊಡುತ್ತಾ, “ಸೆನ್ಸರನ್ನ ಕಣ್ಣಾರೆ ನೋಡಿದ್ಯೇನಪ್ಪ?” ಎಂದರು.

“ನನ್ನ ಸ್ನೇಹಿತ ನೋಡಿದಾನೆ ಸಾರ್.”

“ಓ” ಎಂದರು ಅಷ್ಟೆ.

ಹಳ್ಳಿ ಸೇರಿದಾಗ ಹನ್ನೊಂದೂವರೆ. ಅಕ್ಕ ಮುಂದಿನ ಕೋಣೆಯಲ್ಲಿ ಒಂದು ಮೊರ ಹಿಡಿದು ನಿಂತಿದ್ದರು. ಮೊರದಲ್ಲಿ ಹುಳು. ಬೆರಳುದ್ದದ ಬಿಳಿ ಹುಳುಗಳು ಮೆತ್ತಗಾಗಿ, ಬಾಲದ ಕಡೆಯಿಂದ ಕಪ್ಪೇರುತ್ತಿದ್ದವು. ಹುಳಿ ವಾಸನೆ.

“ಸಪ್ಪೆ ಆಗೋದ್ವು. ಒಂದು ಸ್ಟ್ಯಾಂಡು ಪೂರ್ತಿ” ಎಂದರು. ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ.

ಸ್ಕೋಪು ಹಚ್ಚಿದೆ. ಸಪ್ಲೈ ಗೆರೆ ಎಳೆದಂತೆ ನೆಟ್ಟಗಿತ್ತು. ಮೋಟರು ತಿರುಗಿದಾಗಲೂ ಅಲುಗಲಿಲ್ಲ. ವಿದ್ಯುತ್ತು ಸರಿ, ಪ್ರೋಗ್ರಾಮು ಸರಿ, ಗೆಳೆಯನ ಮಾತಿನ ಪ್ರಕಾರ ಸೆನ್ಸರೂ ಸರಿ. ಮೂರೂ ಸರಿಯಿದ್ದು ಹುಳು ಸಾಯುತ್ತಿದ್ದವು.

ಸಿಟ್ಟಿಗೆ ಮೂಡಲ ಸೆನ್ಸರಿನ ವೈರನ್ನು ಬೋರ್ಡಿನಿಂದ ಕಿತ್ತೆ. ಆ ಕಾಲನ್ನು ಗ್ರೌಂಡಿಗೆ ಮುಟ್ಟಿಸಿದೆ. ಮೂಡಲ ಸೊನ್ನೆಯಾಯಿತು, ಆಗಲೇಬೇಕು. ಪಡುವಲವೂ ಸೊನ್ನೆಯಾಯಿತು.

ಅದೇ ಕಾಲಿಗೆ ಒಂದು ಟಾರ್ಚಿನ ಸೆಲ್ಲು ಮುಟ್ಟಿಸಿದೆ. ಎರಡೂ ತುತ್ತತುದಿಗೆ ಏರಿದವು.

ಆಗ ನೆನಪಾಯಿತು, ಎಂದೋ ಓದಿ ಮರೆತಿದ್ದದ್ದು. ಈ ಚಿಪ್ಪಿನೊಳಗೆ ಕಾಲು ಹಲವು, ಆದರೆ ಅಳೆಯುವ ಪಾವು ಒಂದೇ. ಮೊದಲನೆಯವನು ಪಾವು ತುಂಬುತ್ತಾನೆ, ಅಳತೆಯಾಗುತ್ತದೆ. ಎರಡನೆಯವನು ಬಂದು ತನ್ನದನ್ನು ಸುರಿಯಬೇಕು. ಅವನ ಹತ್ತಿರ ಏನೂ ಇಲ್ಲದಿದ್ದರೆ ಪಾವಿನಲ್ಲಿ ಉಳಿದದ್ದೇ ಮತ್ತೆ ಅಳತೆಯಾಗುತ್ತದೆ. ಎರಡನೇ ಕಾಲಿಗೆ ಏನೂ ಕಟ್ಟಿಲ್ಲದಿದ್ದರೆ ಅದು ಸೊನ್ನೆ ತೋರಿಸುವುದಿಲ್ಲ, ಪಕ್ಕದವನ ಅಂಕಿಯನ್ನೇ ತೋರಿಸುತ್ತದೆ. ಪರದೆಯ ಮೇಲಿನ 25.1 ಪಡುವಲ ಮೂಲೆಯದಾಗಿರಲೇ ಇಲ್ಲ.

ಅಂದರೆ ಆ ತುದಿಯಲ್ಲಿ ಸೆನ್ಸರೇ ಇಲ್ಲ. ಪೆಟ್ಟಿಗೆಯಿಂದ ಹೊರಟ ವೈರು ಗೋಡೆಯ ಪೈಪಿನೊಳಗೆ ಹೋಗುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಅದರ ತುದಿಯ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದಿದ್ದೆ ಎಂದು ಗೆಳೆಯ ಹೇಳಿದ್ದ. ತಿರುಗಿ ನೋಡಿದೆ. ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ, ನನ್ನ ಕಡೆ ನೋಡಲಿಲ್ಲ.

“ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬರ್ಲಾ?” ಎಂದ.

ಅವನನ್ನು ಕಳಿಸಬಹುದಿತ್ತು. ಇನ್ನೊಂದು ಉತ್ತರ ತರುತ್ತಿದ್ದ, ನಾನು ಇನ್ನೊಂದು ದಿನ ಕಳೆಯುತ್ತಿದ್ದೆ. ಅಕ್ಕನ ಕಡೆ ತಿರುಗಿದೆ. “ಅಕ್ಕ, ನಾನೇ ಒಳಗೆ ಹೋಗ್ಬೇಕು.”

ಆ ಮನೆಯಲ್ಲಿ ಅದು ಕೇಳಬಾರದ ಮಾತು. ಅಕ್ಕ ಮೊರವನ್ನೂ ನನ್ನನ್ನೂ ನೋಡಿ, ಒಳಮನೆಯಿಂದ ಯಜಮಾನರ ಒಗೆದ ಪಂಚೆ ತಂದುಕೊಟ್ಟರು. ಬಚ್ಚಲಿನಲ್ಲಿ ಮೈಮೇಲೆ ನೀರು ಹುಯ್ದುಕೊಂಡು, ಪಂಚೆ ಉಟ್ಟು, ಕಾಲು ಅದ್ದಿ, ಮೀಟರು ಹಿಡಿದು ಒಳಗೆ ಹೋದೆ.

ಮೂಡಲ ಅರ್ಧದಲ್ಲಿ ಹುಳು ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆ ಹಿಡಿದ ಹಾಗೆ. ನಡು ದಾಟುತ್ತಿದ್ದಂತೆ ಆ ಸದ್ದು ನಿಂತುಹೋಯಿತು. ಕಾವು ಮುಖಕ್ಕೆ ಹೊಡೆಯಿತು, ಅಕ್ಕ ಹೇಳಿದ್ದ ಹಾಗೆಯೇ. ಮೀಟರು ಮೂವತ್ತಮೂರು ತೋರಿಸಿತು. ಪಡುವಲ ಗೋಡೆಯ ಮೇಲೆ ಗೆಳೆಯನ ಕೈಯ ಅಚ್ಚುಕಟ್ಟಾದ ಪುಟ್ಟ ಗೂಡು, ನಾಲ್ಕೂ ಸ್ಕ್ರೂ ಬಿಗಿಯಾಗಿ. ಬಿಚ್ಚಿದೆ. ಒಳಗೆ ಒಂದು ಜೇಡರಬಲೆ ಬಿಟ್ಟರೆ ಏನೂ ಇರಲಿಲ್ಲ. ಪೈಪಿನ ಉದ್ದಕ್ಕೂ ಬಂದೆ. ಪೆಟ್ಟಿಗೆಯಿಂದ ಗೇಣು ದೂರದ ಮೊದಲ ಬಾಗಿನಲ್ಲೇ ವೈರನ್ನು ಕತ್ತರಿಸಿ ತೆಗೆಯಲಾಗಿತ್ತು. ಹೊರಗೆ ಕಾಣುವಷ್ಟು ಮೋಟು ಮಾತ್ರ ಉಳಿದಿತ್ತು.

ಕೋಲಿನಿಂದ ನಾಲ್ಕೂ ಕದವನ್ನು ತಳ್ಳಿ ತೆರೆದೆ. ಮೋಟರಿನ ಹಲ್ಲು ಕಟಕಟ ಎಂದು ಮುರಿದವು. ಮುರಿಯಲಿ ಎಂದುಕೊಂಡೆ.

ಹೊರಗೆ ಬಂದು ಖಾಲಿ ಗೂಡನ್ನು ಅವನ ಮುಂದೆ ಇಟ್ಟೆ. “ಎಲ್ಲೋ ಸೆನ್ಸರು?”

ಅವನು ಗೂಡನ್ನು ಕೈಯಲ್ಲಿ ತಿರುಗಿಸಿ ನೋಡಿದ. ಆಮೇಲೆ, “ಕೆ.ಆರ್. ಪೇಟೆ ತಾವ ಒಬ್ರ ಉಳದ್ಮನೇಲಿ ಅದೆ ಕಣ್ಲಾ” ಎಂದ. “ಸ್ಟ್ಯಾಂಡು ಮಾಡಕ್ಕೆ ಅಂತ ಕರ್ದಿದ್ರು. ಈ ಪೆಟ್ಗೆ ಇಚಾರ ಯೋಳ್ದೆ. ನಮ್ಗೂ ಒಂದು ಮಾಡ್ಕೊಡು ಅಂದ್ರು. ಒಂದು ಸೆನ್ಸರು, ಆ ಜಾತಿ ವೈರು ಕಮ್ಮಿ ಬಿತ್ತು.”

“ಪ್ರೋಗ್ರಾಮು?”

“ನಿನ್ ಲ್ಯಾಪ್‌ಟಾಪಿಂದ್ಲೇ ತಕಂಡೆ. ನೀನು ಊಟಕ್ಕೆ ಹೋಗಿದ್ದಾಗ.”

“ನಂಗೆ ಒಂದು ಮಾತು ಹೇಳೋಕೇನಾಗಿತ್ತು?”

“ಯೋಳಿದ್ರೆ ನೀನೂ ಬತ್ತಿದ್ದೆ. ಅಲ್ಲೂ ನಿನ್ನೇ ಇಂಜಿನಿಯರ್ರು ಅಂತಿದ್ರು, ನಾನು ಮರ ಕುಯ್ಯೋನಾಗೇ ಇರ್ತಿದ್ದೆ.” ಅವನ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. “ನಾಕು ದಿವ್ಸದಲ್ಲಿ ಬ್ಯಾರೆ ತರ್ಸಿ ಹಾಕ್ಬುಡವ ಅನ್ಕಂಡೆ. ಬಂದು ನೋಡುದ್ರೆ ಎಲ್ಡೂ ನಂಬ್ರ ಸರ್ಯಾಗೇ ತೋರುಸ್ತಿತ್ತು. ಅಂಗಾರೆ ಒಂದೇ ಸಾಕೇನೋ ಅಂತ ಸುಮ್ಕಾದೆ.”

“ಮುಷ್ಟೀಲಿ ಹಿಡ್ಕೊ ಅಂದಾಗ?”

“ಇದ್ದುದ್ದು ಮೂಡ್ಲುದ್ದು ಒಂದೇ. ಅದ್ನೇ ಇಡ್ಕಂಡೆ. ಎಲ್ಡೂ ಏರ್ತದೆ ಅಂತ ನೀನು ಅಂದಾಗ ದೇವ್ರೇ ಕಾಪಾಡ್ದ ಅನ್ಕಂಡ್ಬುಟ್ಟೆ.”

ಎರಡು ದಿನ ನನ್ನ ಪಕ್ಕ ಕುಳಿತು, ನನ್ನ ಪ್ರೋಗ್ರಾಮಿನಲ್ಲಿ ನಾನೇ ತಪ್ಪು ಹುಡುಕುವುದನ್ನು ಅವನು ನೋಡುತ್ತಿದ್ದ. ಸೆನ್ಸರು ಹೋದದ್ದಕ್ಕೆ, ಪ್ರೋಗ್ರಾಮು ಹೋದದ್ದಕ್ಕೆ ನನಗೆ ಅಷ್ಟು ನೋವಾಗಲಿಲ್ಲ. ಆ ಸ್ಕ್ರೂಡ್ರೈವರ್ ಕೊಟ್ಟದ್ದಕ್ಕೆ ಆಯಿತು. ಹೊಡೆಯಬೇಕೆನ್ನಿಸಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ.

ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರ ಸಿಟ್ಟು ಸಿಡಿದದ್ದು ನಾನು ಎಣಿಸದ ಕಡೆಯಿಂದ. “ಇನ್ನೊಬ್ರ ಉಳದ್ಮನೆ ಮೆಟ್ಟಿ, ಅದೇ ಕಾಲಲ್ಲಿ ಬಂದು ನಮ್ಮನೆ ಮೆಟ್ಟುದ್ಯೇನ್ಲಾ? ಮನೆ ಮಗ ಅಂತ ನಿನ್ನ ಒಳಿಕ್ಕೆ ಬುಟ್ಟಿದ್ದೆ ಕಣ್ಲಾ!” ಎಂದು ಮೊರವನ್ನು ನೆಲಕ್ಕೆ ಕುಕ್ಕಿದರು. ಊರವರು ಬಂದು ಇಣುಕುವಷ್ಟು ಬೈದರು. ಅವನು ತಲೆ ತಗ್ಗಿಸಿಕೊಂಡು ನಡೆದುಹೋದ.

ಪಡುವಲ ಸ್ಟ್ಯಾಂಡುಗಳ ಹುಳುವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಸುರಿದರು. ಮೂಡಲ ಅರ್ಧ ಮಾತ್ರ ಉಳಿದು ಗೂಡು ಕಟ್ಟಿತು. ಅಂಗಡಿಯಲ್ಲಿ ಕುಳಿತು ನಾನು ಪ್ರೋಗ್ರಾಮನ್ನು ತಿದ್ದಿದೆ. ಎರಡೂ ಕಾಲಿಗೆ ಒಂದೊಂದು ರೆಸಿಸ್ಟರು ಹಾಕಿ ಗ್ರೌಂಡಿಗೆ ಎಳೆದೆ, ವೈರು ತುಂಡಾದರೆ ಅಂಕಿ ಸೊನ್ನೆಗೆ ಬಿದ್ದು ಗಂಟೆ ಹೊಡೆಯುವಂತೆ ಮಾಡಿದೆ, ಸೊನ್ನೆಯಾದರೆ ಎಲ್ಲ ಕದವೂ ತೆರೆದುಕೊಳ್ಳುವಂತೆ ಬರೆದೆ. ಮೊದಲ ದಿನವೇ ಮಾಡಬೇಕಿದ್ದ ಕೆಲಸ, ಒಂದು ಮಧ್ಯಾಹ್ನದ್ದು.

ಗೂಡು ಬಿಡಿಸಿದ ಮೇಲೆ ಅಕ್ಕನ ಫೋನು ಬಂತು. ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋಗು ಎಂದರು. ತಿದ್ದಿದ ಬೋರ್ಡನ್ನೇ ಹಿಡಿದುಕೊಂಡು ಹೋದೆ, ಹೇಗಾದರೂ ಒಪ್ಪಿಸಬೇಕೆಂದು. ಹುಳು ಇಲ್ಲದ ಮನೆ, ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಹೊಸ್ತಿಲ ಹತ್ತಿರ ಬಂದವನು ಅಲ್ಲೇ ನಿಂತೆ. ಒಳಗೆ ಏಣಿಯ ಮೇಲೆ ಬಡಗಿ ಇದ್ದ. ನೆಲದ ಮೇಲೆ ನಿಂತು ಎಳೆದರೆ ಕದ ತೆರೆಯುವಂತೆ ಹಗ್ಗ, ರಾಟೆ ಕಟ್ಟುತ್ತಿದ್ದ. ನನ್ನನ್ನು ನೋಡಿ ಮತ್ತೆ ಕೆಲಸಕ್ಕೆ ತಿರುಗಿದ.

ಅಕ್ಕ ಹೊರಗೆ ಬಂದರು. ಹೊಸ ಪ್ರೋಗ್ರಾಮಿನ ವಿಷಯ ಹೇಳಿದೆ. ಪೂರ್ತಿ ಕೇಳಿದರು, ಬೇಡ ಎಂದರು. ನನಗೆ ತಡೆಯಲಾಗಲಿಲ್ಲ. “ಅಕ್ಕ, ಕದ್ದವನು ಅವನು. ಹುಳು ಸತ್ತದ್ದು ಅವನಿಂದ. ಅವನನ್ನು ಒಳಗೆ ಬಿಟ್ಟು ನನ್ನನ್ನು ಬೇಡ ಅಂತೀರಲ್ಲ?”

“ಅವ್ನು ಸುಳ್ಳು ಯೋಳ್ದ” ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. “ಸುಳ್ಳು ಅಂತ ಅವ್ನಿಗೆ ಗೊತ್ತಿತ್ತು. ಮುಖಕ್ಕೆ ಉಗುದ್ರೆ ತಲೆ ತಗ್ಗುಸ್ತಾನೆ, ಇನ್ನೊಂದ್ಸಲ ಯೋಳಕ್ಕೆ ಎದರ್ಕತಾನೆ. ನೀನು ನನ್ನ ಎದ್ರುಗೆ ನಿಂತ್ಕಂಡು ಇಪ್ಪತ್ತೈದೇ ನಿಜ ಅಂತ ನಂಬ್ಕಂಡೇ ಸುಳ್ಳು ಯೋಳ್ದೆ ಕಣಪ್ಪ. ನಿಂಗೇ ಗೊತ್ತಿಲ್ದೆ ಇದ್ದುದ್ದ ನಾನು ಎಂಗೆ ಕಂಡಿಡೀಲಿ?”

ಒಳಗಿನಿಂದ ಅವನು, “ಅಕ್ಕ, ಹಗ್ಗ ಎಳ್ದು ನೋಡಿ ಒಸಿ” ಎಂದು ಕೂಗಿದ. ಅಕ್ಕ ನನ್ನನ್ನು ಅಲ್ಲೇ ಬಿಟ್ಟು ಒಳಗೆ ಹೋದರು.